ಹಳೆಯ ಟ್ರಾಕ್ಟರಿನ ಸಹಾಯಕ ಗೇರ್‌ಬಾಕ್ಸನ್ನು ಗುರುತಿಸುವ ಬಗೆ

ಹಳೆಯ ಟ್ರಾಕ್ಟರನ್ನು ಕೊಂಡವರಿಗೆ ಅಥವಾ ದುರಸ್ತಿ ಮಾಡುವವರಿಗೆ ಕೆಲವೊಮ್ಮೆ ಕೈಪಿಡಿಯಲ್ಲಿ ಕಾಣದ ಇನ್ನೊಂದು ಗೇರ್ ಹಿಡಿಕೆ ಎದುರಾಗುತ್ತದೆ. ಅದು ಮುಖ್ಯ ಗೇರ್‌ಬಾಕ್ಸಿನೊಡನೆ ತರುವಾಯ ಜೋಡಿಸಲಾದ ಸಹಾಯಕ ಗೇರ್‌ಬಾಕ್ಸಿನ ಹಿಡಿಕೆಯಾಗಿರಬಹುದು. ಅದರ ತಯಾರಕರು ಯಾರೆಂಬುದಕ್ಕಿಂತ ಮೊದಲು ತಿಳಿಯಬೇಕಾದ ಸಂಗತಿ ಒಂದಿದೆ: ಅದು ಚಕ್ರಗಳ ವೇಗವನ್ನು ಮಾತ್ರ ಬದಲಿಸುತ್ತದೆಯೇ, ಅಥವಾ ಪಿ.ಟಿ.ಓ. ದಂಡದ ವೇಗವನ್ನೂ ಬದಲಿಸುತ್ತದೆಯೇ? ಟ್ರಾಕ್ಟರಿನ ಹಿಂಭಾಗದಲ್ಲಿದ್ದು, ಹುಲ್ಲು ಕತ್ತರಿಸುವ ಯಂತ್ರವೇ ಮೊದಲಾದ ಉಪಕರಣಗಳಿಗೆ ಎಂಜಿನ್ನಿನ ಶಕ್ತಿಯನ್ನು ಒದಗಿಸುವ ತಿರುಗುದಂಡವೇ ಪಿ.ಟಿ.ಓ. ದಂಡ.

ಹಿನ್ನೆಲೆ

ಅಮೆರಿಕದಲ್ಲಿ 1939ರಲ್ಲಿ ಹೊರಬಂದ ಫೋರ್ಡ್ 9ಎನ್ ಟ್ರಾಕ್ಟರಿಗೆ ಮುಂದಕ್ಕೆ ಚಲಿಸಲು ಮೂರೇ ಗೇರುಗಳಿದ್ದವು. 1947ರಿಂದ 1952ರವರೆಗೆ ತಯಾರಾದ 8ಎನ್ ಮಾದರಿಗೆ ನಾಲ್ಕು ಗೇರುಗಳಿದ್ದವು. ಭಾರವಾದ ಉಳುಮೆಗೆ ಇನ್ನಷ್ಟು ನಿಧಾನ ಗತಿಯೂ, ರಸ್ತೆಯ ಮೇಲೆ ಇನ್ನಷ್ಟು ವೇಗವೂ ಬೇಕೆನಿಸುತ್ತಿತ್ತು. ಈ ಕೊರತೆಯನ್ನು ತುಂಬಲು ಮಿಶಿಗನ್ ರಾಜ್ಯದ ಷರ್ಮನ್ ಪ್ರಾಡಕ್ಟ್ಸ್ ಸಂಸ್ಥೆಯು ವೇಗವನ್ನು ಹೆಚ್ಚಿಸುವ, ತಗ್ಗಿಸುವ ಹಾಗೂ ಎರಡನ್ನೂ ಮಾಡುವ ಮೂರು ಬಗೆಯ ಸಹಾಯಕ ಗೇರ್‌ಬಾಕ್ಸುಗಳನ್ನು ತಯಾರಿಸಿತು. ಇವು ಕ್ಲಚ್ ಮತ್ತು ಮುಖ್ಯ ಗೇರುಗಳ ನಡುವೆ, ಮೂಲ ಕವಚದ ಒಳಗೇ ಅಡಗಿ ಕೂರುತ್ತವೆ. ಆದುದರಿಂದ ಹೊರಗಿನಿಂದ ನೋಡಿದರೆ ಹೆಚ್ಚುವರಿ ಹಿಡಿಕೆಯ ಹೊರತು ಬೇರೆ ಗುರುತು ಸುಲಭವಾಗಿ ಸಿಗುವುದಿಲ್ಲ.

ಸ್ಥಾನದ ಮಹತ್ವ

ಈ ಟ್ರಾಕ್ಟರುಗಳಲ್ಲಿ ಪಿ.ಟಿ.ಓ. ದಂಡಕ್ಕೆ ಶಕ್ತಿಯು ಸಹಾಯಕ ಗೇರುಗಳನ್ನು ದಾಟಿದ ಬಳಿಕವೇ ತಲುಪುತ್ತದೆ. 8ಎನ್ ಎಂಜಿನ್ ನಿಮಿಷಕ್ಕೆ 1500 ಸುತ್ತು ತಿರುಗಿದಾಗ ಪಿ.ಟಿ.ಓ. ದಂಡ ಸುಮಾರು 545 ಸುತ್ತು ತಿರುಗುತ್ತದೆ. ಉಪಕರಣಗಳನ್ನು ನಿರ್ಮಿಸಿರುವುದು 540 ಸುತ್ತುಗಳ ಪ್ರಮಾಣಕ್ಕೆ. ವೇಗವನ್ನು ಸುಮಾರು ಒಂದೂವರೆ ಪಟ್ಟು ಹೆಚ್ಚಿಸುವ ಗೇರಿನಲ್ಲಿ ಅದೇ ದಂಡ 800ಕ್ಕೂ ಮಿಕ್ಕಿ ಸುತ್ತುತ್ತದೆ. ಆಗ ಅಲಗುಗಳು, ಜೋಡಣೆಗಳು ಮುರಿದು ಸಿಡಿಯುವ ಹಾಗೂ ಸಮೀಪದಲ್ಲಿರುವವರ ಪ್ರಾಣಕ್ಕೆ ಕುತ್ತು ಬರುವ ಸಂಭವವಿದೆ.

ಎಲ್ಲ ಟ್ರಾಕ್ಟರುಗಳ ರಚನೆಯೂ ಹೀಗಿಲ್ಲ. 1950ರ ದಶಕದ ಫರ್ಗ್ಯೂಸನ್ 35ರಲ್ಲಿ ವೇಗವನ್ನು ತಗ್ಗಿಸುವ ಗೇರುಗಳು ಮುಖ್ಯ ಗೇರುಗಳ ಹಿಂದೆ ಇವೆ, ಅವು ಪಿ.ಟಿ.ಓ. ವೇಗವನ್ನು ಬದಲಿಸುವುದಿಲ್ಲ. 1954ರ ಫಾರ್ಮಾಲ್ ಸೂಪರ್ ಎಂ-ಟಿಎಯಲ್ಲಿ ಅವು ಮುಂದಿದ್ದರೂ ಪಿ.ಟಿ.ಓ.ಗೆ ಪ್ರತ್ಯೇಕ ಮಾರ್ಗವಿದೆ. ಆದಕಾರಣ ಊಹೆಗಿಂತ ಪರೀಕ್ಷೆಯೇ ನಂಬತಕ್ಕದ್ದು.

ಪರೀಕ್ಷಿಸುವ ಕ್ರಮ

8ಎನ್ ಮಾದರಿಯ ಟ್ರಾಕ್ಟರನ್ನು ಈ ಕೆಳಗಿನಂತೆ ಪರೀಕ್ಷಿಸಬಹುದು:

1. ಟ್ರಾಕ್ಟರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ, ಚಕ್ರಗಳಿಗೆ ಅಡ್ಡಗಟ್ಟೆ ಇಡಬೇಕು. ಉಪಕರಣವನ್ನು ಕಳಚಿ, ಬ್ಯಾಟರಿಯ ಸಂಪರ್ಕವನ್ನು ತಪ್ಪಿಸಿ, ಸ್ಪಾರ್ಕ್ ಪ್ಲಗ್ಗುಗಳನ್ನು ತೆಗೆಯಬೇಕು.

2. ಮುಖ್ಯ ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು, ಪಿ.ಟಿ.ಓ.ವನ್ನು ಜೋಡಿಸಿ, ದಂಡದ ಮೇಲೆ ಸೀಮೆಸುಣ್ಣದಿಂದ ಗುರುತು ಮಾಡಬೇಕು.

3. ಎಂಜಿನ್ನನ್ನು ಕೈಯಿಂದ ನಿಧಾನವಾಗಿ ತಿರುಗಿಸುತ್ತ, ದಂಡದ ಒಂದು ಸುತ್ತಿಗೆ ಎಂಜಿನ್ ಎಷ್ಟು ಸುತ್ತು ತಿರುಗಿತೆಂದು ಎಣಿಸಬೇಕು. ನೇರ ಸ್ಥಾನದಲ್ಲಿ ಇದು ಸುಮಾರು ಎರಡೂ ಮುಕ್ಕಾಲು ಸುತ್ತು.

4. ಹೆಚ್ಚುವರಿ ಹಿಡಿಕೆಯನ್ನು ಪ್ರತಿಯೊಂದು ಸ್ಥಾನಕ್ಕೂ ಸರಿಸಿ ಮತ್ತೆ ಎಣಿಸಬೇಕು.

ಸುತ್ತುಗಳ ಸಂಖ್ಯೆ ಕಡಿಮೆಯಾದರೆ ಅದು ವೇಗ ಹೆಚ್ಚಿಸುವ ಸ್ಥಾನ. ಹೆಚ್ಚಾದರೆ ತಗ್ಗಿಸುವ ಸ್ಥಾನ. ಎಂಜಿನ್ ತಿರುಗಿದರೂ ದಂಡ ತಿರುಗದಿದ್ದರೆ ಹಿಡಿಕೆ ಎರಡು ಸ್ಥಾನಗಳ ನಡುವಿನ ನ್ಯೂಟ್ರಲ್‌ನಲ್ಲಿದೆ ಎಂದರ್ಥ. ಎಲ್ಲ ಸ್ಥಾನಗಳಲ್ಲಿಯೂ ಸಂಖ್ಯೆ ಒಂದೇ ಆಗಿದ್ದು, ಓಡಿಸುವಾಗ ಮಾತ್ರ ಟ್ರಾಕ್ಟರಿನ ಗತಿ ಬದಲಾದರೆ ಆ ಗೇರುಗಳು ಪಿ.ಟಿ.ಓ. ಮಾರ್ಗದ ಆಚೆಗಿವೆ.

ಎಚ್ಚರಿಕೆಗಳು

ಪ್ರತಿ ಸ್ಥಾನವನ್ನೂ ಗುರುತಿಸಿ, ಹಿಡಿಕೆಯ ಬಳಿ ಬಣ್ಣದಲ್ಲಿ ಬರೆಯುವುದು ಒಳ್ಳೆಯದು. ಪಿ.ಟಿ.ಓ. ಉಪಕರಣಗಳನ್ನು ವೇಗ ಹೆಚ್ಚಿಸುವ ಸ್ಥಾನದಲ್ಲಿ ಎಂದಿಗೂ ನಡೆಸಬಾರದು. ಇಳಿಜಾರಿನಲ್ಲಿ ಈ ಹಿಡಿಕೆಯನ್ನು ಸರಿಸಕೂಡದು. ನಡುವಿನ ನ್ಯೂಟ್ರಲ್‌ನಲ್ಲಿ ಅದು ಸಿಲುಕಿದರೆ ಎಂಜಿನ್ನಿನ ತಡೆ ತಪ್ಪಿ, ಟ್ರಾಕ್ಟರು ತನ್ನ ಭಾರದಿಂದಲೇ ಓಡತೊಡಗುತ್ತದೆ. ಟ್ರಾಕ್ಟರನ್ನು ನಿಲ್ಲಿಸಿ, ಕ್ಲಚ್ ಒತ್ತಿದ ನಂತರವೇ ಸ್ಥಾನ ಬದಲಿಸಬೇಕು. ಬಿಡಿಭಾಗಗಳನ್ನು ತರಿಸುವಾಗಲೂ ಹೊರನೋಟಕ್ಕಿಂತ ಈ ಎಣಿಕೆಯೇ ಹೆಚ್ಚು ಭರವಸೆಯ ಆಧಾರ.