ಬೂದಿ ಬಣ್ಣವೂ ಬಣ್ಣವೇ!

ಮದುವೆ ಸೀಸನ್ ಬಂತೆಂದರೆ ಸೀರೆ ಅಂಗಡಿಗಳಲ್ಲಿ ಗಿಳಿಹಸಿರು, ರಾಣಿ ಪಿಂಕ್, ಅರಿಶಿನ ಬಣ್ಣಗಳದೇ ದರ್ಬಾರು. ಅವುಗಳ ನಡುವೆ ಮೂಲೆಯಲ್ಲಿದ್ದ ಒಂದು ಬಿಸ್ಕಿಟ್ ಕಲರ್ ಸೀರೆಯ ಮೇಲೆ ನಿಮ್ಮ ಕಣ್ಣು ಬಿತ್ತು ಅನ್ನಿ. ಕೈಗೆತ್ತಿಕೊಳ್ಳುವಷ್ಟರಲ್ಲಿ ಜೊತೆಗೆ ಬಂದ ನಾದಿನಿಯ ಮಾತು ಶುರು: 'ಅದೇನ್ ಸಪ್ಪಗಿನ ಸೀರಿ ಹಿಡದೀರಿ ವೈನಿ? ಮುತ್ತೈದೇರು ಉಡೋ ಬಣ್ಣೇನ್ರೀ ಅದು?' ನೀವು ಸುಮ್ಮನೆ ಅದನ್ನು ಕೆಳಗಿಟ್ಟು, ಎಲ್ಲರೂ ಒಪ್ಪುವ ಕೆಂಪನ್ನೇ ಪ್ಯಾಕ್ ಮಾಡಿಸುತ್ತೀರಿ. ಬೀರುವಿಗೆ ಇನ್ನೊಂದು ಕೆಂಪು ಸೀರೆ ಸೇರಿತು. ನಿಮ್ಮ ಇಷ್ಟ ಅಂಗಡಿಯಲ್ಲೇ ಉಳಿಯಿತು!

ಕೆನೆ, ಬೂದಿ, ಗೋಧಿ, ಮಣ್ಣು, ಬಾದಾಮಿ... ಫ್ಯಾಷನ್ ಲೋಕ ಇವನ್ನೆಲ್ಲ 'ನ್ಯೂಟ್ರಲ್ ಕಲರ್' ಎನ್ನುತ್ತದೆ. ಇವು ಕೂಗಿ ಕರೆಯುವುದಿಲ್ಲ. ಸೀರೆಗಿಂತ ಮೊದಲು ಉಟ್ಟವಳ ಮುಖ ಕಾಣಲಿ ಎನ್ನುತ್ತವೆ.

ನಮ್ಮ ನೆಲದ್ದೇ ಬಣ್ಣ

ಕಲಬುರಗಿ ಸೀಮೆಯವರಿಗೆ ಈ ಬಣ್ಣಗಳೇನೂ ಹೊರಗಿನವಲ್ಲ. ಶಹಾಬಾದಿನ ಪರಸಿ ಕಲ್ಲನ್ನೇ ನೋಡಿ. ನೀಲಿ ಬೆರೆತ ಬೂದಿ ಬಣ್ಣದ ಆ ಸುಣ್ಣದ ಕಲ್ಲು ಎಷ್ಟೋ ಊರುಗಳ ಮನೆಗಳಿಗೆ ನೆಲವಾಗಿದೆ. ಅದೇ ಸುಣ್ಣದ ಕಲ್ಲಿನಿಂದಲೇ ವಾಡಿ, ಸೇಡಂಗಳಲ್ಲಿ ಸಿಮೆಂಟ್ ತಯಾರಾಗುತ್ತದೆ. ಸೇಡಂ ತಾಲ್ಲೂಕಿನ ಮಳಖೇಡ ಒಂದು ಕಾಲಕ್ಕೆ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಕಾಗಿಣಾ ದಂಡೆಯ ಅಲ್ಲಿನ ಕೋಟೆಗೂ ಕಲ್ಲಿನದೇ ಬಣ್ಣ. ಚಿತ್ತಾಪುರದ ಎರೆ ಹೊಲದ ಕಪ್ಪು, ಒಣಗಿದ ತೊಗರಿ ಕಾಯಿಯ ಕಂದು, ಬೇಸಿಗೆಯಲ್ಲಿ ಎಲೆ ಉದುರಿಸಿ ನಿಂತ ಚಿಂಚೋಳಿ ಕಾಡಿನ ಮಣ್ಣು ಬಣ್ಣ, ತಟ್ಟೆಯಲ್ಲಿರುವ ಜೋಳದ ರೊಟ್ಟಿಯ ಕೆನೆ ಬಣ್ಣ. ದಿನಾ ಕಣ್ಣಿಗೆ ತಂಪೆರೆಯುವ ಈ ಬಣ್ಣಗಳು ಮೈಮೇಲೆ ಬಂದರೆ ಮಾತ್ರ ಸಪ್ಪೆ ಹೇಗಾದಾವು?

ಇನ್ನು ಬಿಸಿಲಿನ ಲೆಕ್ಕ. ಏಪ್ರಿಲ್-ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟುವುದು ಮಾಮೂಲು. ತಿಳಿ ಬಣ್ಣ ಬಿಸಿಲನ್ನು ಹೀರುವುದು ಕಡಿಮೆ. ಕೆನೆ ಬಣ್ಣದ ಕಾಟನ್ ಸೀರೆ ಉಟ್ಟು ಸಂತೆಗೆ ಹೋಗಿ ಬನ್ನಿ, ವ್ಯತ್ಯಾಸ ನಿಮಗೇ ತಿಳಿಯುತ್ತದೆ.

ಬಣ್ಣಕ್ಕೇಕೆ ಹಣೆಪಟ್ಟಿ?

ನಿಜವಾದ ಅಡ್ಡಿ ಇರುವುದು ಇಲ್ಲಿ. ಬಿಳಿ, ಬೂದಿ ಎಂದರೆ ಗಂಡನನ್ನು ಕಳೆದುಕೊಂಡವರ ಬಣ್ಣ ಎಂಬ ಮಾತು ನಮ್ಮಲ್ಲಿ ಇನ್ನೂ ಪೂರ್ತಿ ಹೋಗಿಲ್ಲ. ಆದರೆ ಪಕ್ಕದ ಕೇರಳದಲ್ಲಿ ಓಣಂ ಬಂತೆಂದರೆ ಹೆಣ್ಣುಮಕ್ಕಳು ಸಂಭ್ರಮದಿಂದ ಉಡುವುದು ಜರಿ ಅಂಚಿನ ಕೆನೆ ಬಣ್ಣವನ್ನೇ! ಕಪ್ಪು ಅಶುಭ ಎನ್ನುವವರುಂಟು. ಮಹಾರಾಷ್ಟ್ರದಲ್ಲಿ ಸಂಕ್ರಾಂತಿಗೆ ಕಪ್ಪು ಸೀರೆಯೇ ವಿಶೇಷ. ಯುರೋಪಿನಲ್ಲೂ ಕಪ್ಪು ಬಹುಕಾಲ ಶೋಕದ ಬಣ್ಣವಾಗಿತ್ತು. 1926ರಲ್ಲಿ ಕೊಕೊ ಶನೆಲ್ ವಿನ್ಯಾಸ ಮಾಡಿದ ಸಾದಾ ಕಪ್ಪು ಉಡುಪಿನ ಚಿತ್ರ 'ವೋಗ್' ಪತ್ರಿಕೆಯಲ್ಲಿ ಬಂತು. ಆಮೇಲೆ ಅಂಥ ಉಡುಪು ಸೊಗಸಿನ ಗುರುತಾಯಿತು. ಅಂದರೆ ಶುಭ-ಅಶುಭ ಬಣ್ಣದಲ್ಲಿಲ್ಲ, ನೋಡುವವರ ರೂಢಿಯಲ್ಲಿದೆ.

ಇದೇ ಮಾತು ಇನ್ನೊಂದು ಕಡೆಗೂ ಸಲ್ಲಬೇಕು. ಗಂಡ ತೀರಿಕೊಂಡ ಅತ್ತಿಗೆಗೋ ಅಕ್ಕನಿಗೋ ಹಸಿರು ಸೀರೆ ಉಡುವ ಆಸೆಯಿದ್ದರೆ ಅವರು ಹಸಿರನ್ನೇ ಉಡಲಿ. ತಿಳಿ ಬಣ್ಣ ಇಷ್ಟಪಟ್ಟು ಉಟ್ಟರೆ ಚೆಂದ, ಬಲವಂತಕ್ಕೆ ಉಟ್ಟರೆ ಶಿಕ್ಷೆ.

ಹೀಗೆ ಹೊಂದಿಸಿ ನೋಡಿ

* ಎಲ್ಲವನ್ನೂ ಒಮ್ಮೆಗೇ ಬದಲಿಸಬೇಡಿ. ಬೂದಿ ಬಣ್ಣದ ಒಡಲಿರುವ, ಕೆಂಪು ಸೆರಗಿನ ಇಳಕಲ್ ಸೀರೆಯಿಂದ ಶುರು ಮಾಡಿ. ಮನೆಯವರ ತಕರಾರೂ ಕಡಿಮೆ!

* ಸಾದಾ ಸೀರೆಗೆ ಗುಳೇದಗುಡ್ಡ ಖಣದ ಕುಪ್ಪಸ ಬಲು ಚೆಂದ. ಎರಡರಲ್ಲಿ ಒಂದು ಮಾತಾಡಿದರೆ ಸಾಕು.

* ಅಂಗಡಿಯ ಟ್ಯೂಬ್‌ಲೈಟ್ ನಂಬಬೇಡಿ. ಸೀರೆಯನ್ನು ಬಾಗಿಲ ಬೆಳಕಿಗೆ ತಂದು, ಮುಖದ ಹತ್ತಿರ ಹಿಡಿದು ನೋಡಿ. ಮುಖ ಕಳೆಗುಂದಿದಂತೆ ಕಂಡರೆ ಬೂದಿ ಬಿಟ್ಟು ಬಾದಾಮಿಯೋ ಗೋಧಿಯೋ ಆರಿಸಿಕೊಳ್ಳಿ.

* ಬಣ್ಣ ಸರಳವಾದಾಗ ನೇಯ್ಗೆ ಕಣ್ಣಿಗೆ ಬೀಳುತ್ತದೆ. ಹಾಗಾಗಿ ಒಳ್ಳೆಯ ಕಾಟನ್, ಖಾದಿ, ಕೈಮಗ್ಗದ ಬಟ್ಟೆ ಕೊಳ್ಳಿ.

* ತಿಳಿ ಸೀರೆಯೊಳಗೆ ಗಾಢ ಬಣ್ಣದ ಲಂಗ ಬೇಡ, ಎದ್ದು ಕಾಣುತ್ತದೆ.

* ಹಸಿರು ಬಳೆ, ಕುಂಕುಮ, ಒಂದು ಮೊಳ ಮಲ್ಲಿಗೆ ಸಾಕು, ಸೀರೆಗೆ ತಾನಾಗಿ ಕಳೆ ಬರುತ್ತದೆ.

ಕಲೆ ಬಿದ್ದರೆ?

'ಅಡುಗೆಮನೆಯಲ್ಲಿ ಇರೋರಿಗೆ ತಿಳಿ ಬಣ್ಣ ಎಲ್ಲಿ ನಡೀತದ್ರೀ?' ಎನ್ನುವುದು ನ್ಯಾಯವಾದ ಪ್ರಶ್ನೆಯೇ. ಅರಿಶಿನದ ಕಲೆಗೆ ಸೋಪು ತಾಗಿದರೆ ಅದು ಕೆಂಪಾಗುತ್ತದೆ. ಗಾಬರಿಯಾಗಬೇಡಿ. ಚೆನ್ನಾಗಿ ಒಗೆದು ಒಳ್ಳೆಯ ಬಿಸಿಲಿಗೆ ಹರವಿದರೆ ಅರಿಶಿನದ ಬಣ್ಣ ಮಾಸುತ್ತದೆ. ಬಿಸಿಲಿಗೆ ನಮ್ಮಲ್ಲೇನು ಬರವೇ? ಕೆನೆ ಬಣ್ಣಕ್ಕೆ ನೀಲಿ ಹಾಕಬೇಡಿ, ಇದ್ದ ಬಣ್ಣವೂ ಕೆಡುತ್ತದೆ. ಕೆಂಪು ಅಂಚಿನ ಹೊಸ ಸೀರೆಯನ್ನು ತಣ್ಣೀರಿನಲ್ಲಿ ಬೇರೆಯಾಗಿಯೇ ಒಗೆಯಿರಿ. ಇನ್ನು ಧೂಳಿನ ಮಾತು. ಸಿಮೆಂಟ್ ಧೂಳು ಕಡುಗಪ್ಪು, ಕಡುನೀಲಿಯ ಮೇಲೆ ಥಟ್ಟನೆ ಕಾಣುತ್ತದೆ, ಬೂದಿಯ ಮೇಲೆ ಕಾಣುವುದೇ ಇಲ್ಲ.

ಮನೆಯಲ್ಲಿ ಯಾರಿಗೆ ಯಾವ ಪಲ್ಯ ಇಷ್ಟ, ಯಾರಿಗೆ ಎಷ್ಟು ಖಾರ ಬೇಕು ಎಂಬುದೆಲ್ಲ ನಿಮಗೆ ಬಾಯಿಪಾಠ. ನಿಮಗೆ ಯಾವ ಬಣ್ಣ ಇಷ್ಟ ಎಂದು ಯಾರಾದರೂ ಕೇಳಿದರೆ ಮಾತ್ರ ಒಂದು ಕ್ಷಣ ತಡವರಿಸುತ್ತೀರಿ, ಅಲ್ಲವೇ? ಮುಂದಿನ ಸಲ ಅಂಗಡಿಯಲ್ಲಿ ಆ ಬಿಸ್ಕಿಟ್ ಕಲರ್ ಕಂಡರೆ ಕೆಳಗಿಡಬೇಡಿ. 'ಇದು ನನಗೆ ಸೇರ್ತದ' ಎಂದಷ್ಟೇ ಹೇಳಿ. ವಾದ ಬೇಡ, ವಿವರಣೆಯೂ ಬೇಡ.