ಉದ್ಯಾನದ ಇಳಿಗೊಂಬೆಯ ಮರ

ಕೊಂಬೆಗಳನ್ನು ಇಳಿಬಿಟ್ಟು ಸದಾ ಹಸಿರಾಗಿರುವ ಸೈಪ್ರಸ್ ವೃಕ್ಷವು ಉದ್ಯಾನಕ್ಕೆ ಶೋಭೆ ತರುವುದು ನಿಜ. ಆದರೆ ಈ ವರ್ಗದಲ್ಲಿ ಅತಿ ಸುಂದರವಾದ ಕಾಶ್ಮೀರ ಸೈಪ್ರಸ್, ಹೆಸರು ಹಾಗಿದ್ದರೂ, ಭೂತಾನದ ತಂಪು ಕಣಿವೆಗಳದು. ಸಿಂಧನೂರಿನಲ್ಲಿ 40 ಡಿಗ್ರಿ ಮೀರುವ ಬೇಸಿಗೆಯನ್ನು ಅದು ತಾಳಲಾರದು.

ಅದೇ ರೂಪವನ್ನು ಈ ಭಾಗಕ್ಕೆ ಒದಗಿಸಬಲ್ಲುದು ಕಂಬದ ಅಶೋಕ. ಇದು ಸೂಚಿಪರ್ಣಿಯಲ್ಲ, ಸೀತಾಫಲದ ಕುಟುಂಬಕ್ಕೆ ಸೇರಿದುದು. ನಿಜವಾದ ಅಶೋಕವೃಕ್ಷವೂ ಅಲ್ಲ; ಅಶೋಕನ ಹೆಸರುಳ್ಳ ಶಾಸನವು 1915ರಲ್ಲಿ ದೊರೆತ ಮಸ್ಕಿಯ ನೆರೆಯಲ್ಲಿ ಇಷ್ಟನ್ನು ಹೇಳದಿರಲಾಗದು.

ಇದರ ಬೀಜ ಬಹುಬೇಗ ಸತ್ವಗುಂದುವುದರಿಂದ ಮಳೆಗಾಲದಲ್ಲಿ ಹಣ್ಣು ಉದುರಿದ ಕೂಡಲೇ ಬಿತ್ತಬೇಕು. ಲಿಂಗಸುಗೂರು, ಮಸ್ಕಿಗಳಲ್ಲಿ ಮಸಾರಿ ನೆಲವಿರುವೆಡೆ ತೊಡಕು ಕಡಿಮೆ. ಕಷ್ಟವಿರುವುದು ಸಿಂಧನೂರಿನ ಎರೆಭೂಮಿಯಲ್ಲಿ. ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ತಗ್ಗಿನ ನೆಲಗಳಲ್ಲಿ ಜೌಗೂ ಸವುಳೂ ಹೆಚ್ಚಿವೆ. ನಿಂತ ನೀರಿನಲ್ಲಿ ಬೇರು ಕೊಳೆಯುತ್ತದೆ. ಆದುದರಿಂದ ಮಣ್ಣಿಗೆ ಮರಳು, ಕೊಟ್ಟಿಗೆ ಗೊಬ್ಬರ ಬೆರೆಸಿ, ಒಂದಡಿ ಎತ್ತರದ ದಿಬ್ಬದ ಮೇಲೆ ಸಸಿಯನ್ನು ನೆಡತಕ್ಕದ್ದು. ಬೇಸಿಗೆಯಲ್ಲಿ ಎರೆ ಬಿರಿದು ಬೇರು ಹರಿಯದಂತೆ ಬುಡಕ್ಕೆ ಒಣಹುಲ್ಲು ಹೊದಿಸಬೇಕು.

ಶಾಲೆಯ ಮಹಾದ್ವಾರದ ಬಳಿ ಒಂದೇ ಮರ ಸಾಕು; ಸಾಲಾಗಿ ನೆಟ್ಟರೆ ಅದು ಗೋಡೆಯಾಗುತ್ತದೆ. ಕೆಳಗಿನ ಇಳಿಗೊಂಬೆಗಳನ್ನು ದನಕರುಗಳಿಂದ ಮಾತ್ರವಲ್ಲ, ಕತ್ತರಿ ಹಿಡಿದ ಉತ್ಸಾಹಿಗಳಿಂದಲೂ ಕಾಪಾಡಬೇಕಾಗುತ್ತದೆ.