ಹತ್ತು ಮನೆಗೆ ಒಂದು ಬೆಂಕಿ

ಮಲೆನಾಡೆಂದೊಡನೆ ಬಯಲುಸೀಮೆಯವರ ಕಣ್ಣಮುಂದೆ ಹಸುರು ಕಾಡೂ ಜಲಪಾತಗಳೂ ಸುಳಿಯುತ್ತವೆ. ಆದರೆ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಬಡ ಗೃಹಿಣಿಯ ಚಿಂತೆ ಬೇರೆ. ಅವಳಿಗೆ ಬೇಕಾದುದು ಒಣಗಿದ ಸೌದೆ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಮಳೆ ಹಿಂದೆಗೆಯಿತೆನ್ನುವಷ್ಟರಲ್ಲಿ ಚಳಿ ಕಾಲಿಡುತ್ತದೆ. ಬಚ್ಚಲ ಒಲೆಗೆ ಸೌದೆ ಸಾಲದ ಮನೆಯವರು ಎಲ್ಲಿಗೆ ಹೋಗಬೇಕು?

ಚಳಿಯೊಡನೆ ಬರುವ ಅಡಿಕೆಯ ಸುಗ್ಗಿ ಇದಕ್ಕೊಂದು ದಾರಿ ತೋರಿತ್ತು. ರಾತ್ರಿಯಾಯಿತೆಂದರೆ ತೋಟದವರ ಅಂಗಳದಲ್ಲಿ ನೆರೆಹೊರೆಯ ಹೆಂಗಸರು ಕತ್ತಿಯ ಮುಂದೆ ಸಾಲಾಗಿ ಕುಳಿತು ಹಸಿ ಅಡಿಕೆ ಸುಲಿಯುತ್ತಿದ್ದರು. ಪಕ್ಕದಲ್ಲಿ ಅಡಿಕೆ ಬೇಯುವ ದೊಡ್ಡ ಹಂಡೆ. ಅದರಡಿಯಲ್ಲಿ ನಿಗಿನಿಗಿ ಬೆಂಕಿ. ಸುಲಿದ ಅಳತೆಗೆ ತಕ್ಕ ಕೂಲಿ, ನಡುವೆ ಬಿಸಿ ಕಾಫಿ, ಊರ ಸುದ್ದಿ. ಮಕ್ಕಳು ಬೆಂಕಿಯ ಬಳಿಯಲ್ಲೇ ನಿದ್ರೆಹೋಗುತ್ತಿದ್ದವು. ಕೂಲಿ ಸ್ವಲ್ಪವೇ, ಅಂಗಳ ಒಡೆಯರದೇ, ಅದನ್ನು ಮರೆಯುವಂತಿಲ್ಲ. ಆದರೂ ಅಲ್ಲಿಗೆ ಬಂದವರು ಕೆಲಸಕ್ಕೆ ಬಂದವರು. ಬೆಚ್ಚಗಿರಲು ಯಾರೂ ಕೈಯೊಡ್ಡಬೇಕಾಗಿರಲಿಲ್ಲ.

ಇಂದು ಸುಲಿಯುವ ಯಂತ್ರಗಳು ಬಂದಿವೆ. ಎಷ್ಟೋ ತೋಟಗಳ ಫಸಲು ಚೇಣಿದಾರರ ಪಾಲಾಗಿ ಊರಾಚೆ ಸಾಗುತ್ತದೆ. ಆಳು ಸಿಗದ ಬೆಳೆಗಾರನಿಗೆ ಇದು ಅನುಕೂಲವೇ ಸರಿ. ಆದರೆ ಅಂಗಳ ಬರಿದಾದಲ್ಲಿ ಕೂಲಿಯ ಜೊತೆಗೆ ಬೆಂಕಿಯೂ ಮಾತೂ ಕಳೆದುಹೋದವು. ಅಡುಗೆಯ ಅನಿಲ, ಎಣ್ಣೆ, ಬೇಳೆಗಳ ಬೆಲೆ ಏರಿದಾಗ ಆ ನಷ್ಟ ಇಮ್ಮಡಿಯಾಗಿ ಕಾಣುತ್ತದೆ.

2022ರ ಚಳಿಗಾಲದಲ್ಲಿ ಬ್ರಿಟನ್ನಿನಲ್ಲೂ ಇಂತಹುದೇ ಸಂಕಟ ತಲೆದೋರಿತು. ಇಂಧನದ ಬೆಲೆ ಗಗನಕ್ಕೇರಿದಾಗ ಗ್ರಂಥಾಲಯಗಳೂ ಚರ್ಚುಗಳೂ ಬಾಗಿಲು ತೆರೆದು, ಬೆಚ್ಚನೆಯ ಕೋಣೆಗಳಲ್ಲಿ ಜನರನ್ನು ಕೂರಿಸಿ ಚಹಾ ಕೊಟ್ಟವು. ಬಡತನದ ಪುರಾವೆ ಕೇಳದೆ ಎಲ್ಲರನ್ನೂ ಬರಮಾಡಿಕೊಂಡದ್ದೇ ಅವುಗಳ ಹೆಚ್ಚಳ.

ನಮ್ಮಲ್ಲಿಯೂ ಅದರ ಬೀಜಗಳಿಲ್ಲದಿಲ್ಲ. 2017ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಇಂದಿರಾ ಕ್ಯಾಂಟೀನು ಐದು ರೂಪಾಯಿಗೆ ಉಪಾಹಾರ, ಹತ್ತು ರೂಪಾಯಿಗೆ ಊಟ ನೀಡಿತು. ದುಡ್ಡು ಕೊಟ್ಟು ಉಣ್ಣುವುದರಿಂದ ಅಲ್ಲಿ ಯಾರೂ ತಲೆತಗ್ಗಿಸಬೇಕಿಲ್ಲ. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು ಅರಿವು ಕೇಂದ್ರಗಳಾಗಿವೆ. ಮಳೆಗಾಲದ ಸಂಜೆಗಳಲ್ಲಿ ಅಲ್ಲೊಂದು ದೀಪ, ಒಂದು ಬೆಂಚು, ಒಂದು ಹಂಡೆ ಬಿಸಿನೀರು ಕಾದಿದ್ದರೆ ಒಂಟಿ ಮುದುಕಿಗೂ ಓದುವ ಹುಡುಗನಿಗೂ ನೆಲೆಯಾದೀತು. ವೆಚ್ಚವೇನೂ ದೊಡ್ಡದಲ್ಲ. ಹತ್ತು ಮನೆಗಳಲ್ಲಿ ಹತ್ತು ಒಲೆ ಉರಿಸುವುದಕ್ಕಿಂತ ಒಂದೇ ಬೆಂಕಿಯ ಸುತ್ತ ಹತ್ತು ಮನೆಯವರು ಕೂರುವುದು ಅಗ್ಗವೆಂಬುದನ್ನು ಅಡಿಕೆಯ ಅಂಗಳ ಎಂದೋ ತೋರಿಸಿಕೊಟ್ಟಿದೆ.